ಏಳಲೊಲ್ಲದ ಅಧ್ಯಕ್ಷರು, ಬಾಯಿ ಬಿಡದ ಸದಸ್ಯರು

ಅಂಬ್ಲಿಗೊಳ ಜಲಾಶಯ ತುಂಬಿದ ವರ್ಷವೂ ನಮ್ಮ ಸೀಮೆಯಲ್ಲಿ ಎರಡು ಬಗೆಯ ರೈತರಿರುತ್ತಾರೆ. ನಾಲೆಯ ತಲೆಯಲ್ಲಿ ಗದ್ದೆ ಇರುವವರು ಒಂದು ಬಗೆ, ನಾಲೆಯ ಬಾಲದಲ್ಲಿ ಗದ್ದೆ ಇರುವವರು ಇನ್ನೊಂದು ಬಗೆ. ಜಾತಿ, ಮತ, ಪಕ್ಷ ಯಾವುದೂ ಜನರನ್ನು ಇಷ್ಟು ಖಚಿತವಾಗಿ ವಿಂಗಡಿಸುವುದಿಲ್ಲ. ತಲೆಯಲ್ಲಿರುವವನ ಗದ್ದೆ ಈಗ ಅಡಿಕೆ ತೋಟವಾಗುತ್ತಿದೆ. ಬಾಲದಲ್ಲಿರುವವನು ಭತ್ತದ ಸಸಿಮಡಿಗೆ ನೀರು ಬಂದೀತೇ ಎಂದು ರಾತ್ರಿ ಟಾರ್ಚ್ ಹಿಡಿದು ತೂಬಿನ ಬಳಿ ಕಾಯುತ್ತಾನೆ. ನಾಲೆ ಒಂದೇ, ನೀರು ಒಂದೇ, ಕಾಗದದಲ್ಲಿ ಇಬ್ಬರ ಹಕ್ಕೂ ಒಂದೇ. ಆದರೆ ನೀರು ಕಾಗದ ಓದಿಕೊಂಡು ಹರಿಯುವುದಿಲ್ಲ.

ಅದಕ್ಕೇ ಸಂಘ ಬೇಕು. ನೀರನ್ನು ನ್ಯಾಯವಾಗಿ ಹಂಚಲು ಇಂಜಿನಿಯರೊಬ್ಬರಿಂದ ಆಗುವುದಿಲ್ಲ, ಪೊಲೀಸರಿಂದಂತೂ ಸಾಧ್ಯವೇ ಇಲ್ಲ. ತಲೆಯವನೂ ಬಾಲದವನೂ ಒಂದೇ ಜಮಖಾನದ ಮೇಲೆ ಕುಳಿತು ವಾರದ ಸರದಿ ಬರೆದುಕೊಂಡು, ಮುರಿದವನಿಗೆ ದಂಡ ಹಾಕಿದರೆ ಮಾತ್ರ ಆದೀತು. ಇದನ್ನು ಅರಿತೇ 2000ದಲ್ಲಿ ಕರ್ನಾಟಕದ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಕೊಡಲಾಯಿತು. ಅಚ್ಚುಕಟ್ಟಿನ ರೈತರೇ ಸದಸ್ಯರು. ಅವರೇ ನೀರನ್ನು ಒಟ್ಟಾಗಿ ಪಡೆಯಬೇಕು, ಅವರೇ ಹಂಚಬೇಕು, ಅವರೇ ನೀರಿನ ಕರ ವಸೂಲು ಮಾಡಬೇಕು, ಅವರೇ ಕಾಲುವೆಯ ಹೂಳು ತೆಗೆಸಬೇಕು. ಓದಿದರೆ ಹೊಟ್ಟೆ ತುಂಬುವಂತಹ ಕಾನೂನು ಇದು.

ಕಾನೂನು ಬಂದು ಕಾಲು ಶತಮಾನ ಕಳೆಯಿತು. ಬಾಲದಲ್ಲಿ ಗದ್ದೆ ಇರುವ ಹಿರಿಯರೊಬ್ಬರನ್ನು, "ಸಂಘದ ಸಭೆಯಲ್ಲಿ ಇದನ್ನೆಲ್ಲ ಕೇಳೋದಲ್ವಾ ಅಜ್ಜ?" ಎಂದೆ. ಅವರು ನಕ್ಕು ಹೇಳಿದರು: "ಲೆಕ್ಕ ಕೇಳಿದ್ರೆ ಅಧ್ಯಕ್ಷರಿಗೆ ಬೇಜಾರು ತಮ್ಮಾ. ನೀರು ಕೇಳಿದ್ರೆ ಮೇಲಿನ ಗದ್ದೆಯೋರಿಗೆ ಬೇಜಾರು. ನಾವು ಯಾರಿಗೂ ಬೇಜಾರು ಮಾಡ್ದೆ ಬದುಕ್ಬೇಕು ನೋಡು."

ಯಾರಿಗೂ ಬೇಜಾರು ಮಾಡದೆ ಬದುಕುವುದು. ನಮ್ಮ ಸಂಘ-ಸಂಸ್ಥೆಗಳ ಇಡೀ ರೋಗ ಈ ಒಂದು ಮಾತಿನಲ್ಲಿದೆ.

ಮಂಡಕ್ಕಿ-ಮೆಣಸಿನಕಾಯಿ ಸಭೆ

ಸೆಪ್ಟೆಂಬರ್ ಬಂದರೆ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳ ಸುಗ್ಗಿ. ಅಂಥದೊಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ಊರಿನ ಹೆಸರೂ ಬೇಡ, ಸಂಘದ ಹೆಸರೂ ಬೇಡ. ನಿಮ್ಮ ಊರಿನ ಸಂಘದ ಹೆಸರನ್ನೇ ಹಾಕಿಕೊಂಡು ಓದಿದರೂ ಕತೆ ಕೆಡುವುದಿಲ್ಲ. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ವೇದಿಕೆಯಲ್ಲಿದ್ದವರಿಗೆಲ್ಲ ಹಾರ ಆಯಿತು. ತಾಲೂಕಿನಿಂದ ಬಂದ ಅತಿಥಿಗಳು ಸಹಕಾರ ತತ್ವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ಕಾರ್ಯದರ್ಶಿ ಎದ್ದು ಆದಾಯ-ವೆಚ್ಚದ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಓದಿ, "ಸಭೆಯ ಒಪ್ಪಿಗೆ ಇದೆ ಅಲ್ವಾ?" ಎಂದರು. ಯಾರೋ ಇಬ್ಬರು ಕೈ ಎತ್ತಿದರು. ಅಷ್ಟರಲ್ಲಿ ಹಿಂದಿನಿಂದ ಮಂಡಕ್ಕಿ-ಮೆಣಸಿನಕಾಯಿಯ ವಾಸನೆ ಬಂತು. ಜನ ಎದ್ದರು. ಹಾಜರಿ ಪುಸ್ತಕ ತಟ್ಟೆಯ ಜೊತೆಗೇ ಬಂತು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಸಹಿ.

ಇದರಲ್ಲಿ ಕಳ್ಳತನ ಏನಾಯಿತು ಎಂದು ಕೇಳಬಹುದು. ಹಣದ ಕಳ್ಳತನ ಬಹುಶಃ ಏನೂ ಆಗಿಲ್ಲ. ನಮ್ಮ ಸಂಘಗಳ ದೊಡ್ಡ ಸಮಸ್ಯೆ ಕಳ್ಳತನವೆಂದು ನಾನು ಹೇಳುವುದೂ ಇಲ್ಲ. ಎಷ್ಟೋ ಅಧ್ಯಕ್ಷರು ಸ್ವಂತ ಜೇಬಿನಿಂದ ಹಣ ಹಾಕಿ ಸಂಘ ನಡೆಸಿದವರು. ಆದರೆ ಅಲ್ಲಿ ಬೇರೊಂದು ವಸ್ತು ಕಳುವಾಯಿತು. ಪ್ರಶ್ನೆ ಕೇಳುವ ಹಕ್ಕು ಕಳುವಾಯಿತು, ಮತ್ತು ಕಳೆದುಕೊಂಡವರಿಗೇ ಅದು ಗೊತ್ತಾಗಲಿಲ್ಲ.

ಈ ರೋಗ ನೀರಿನ ಸಂಘಕ್ಕೆ ಮಾತ್ರ ಅಂಟಿದ್ದಲ್ಲ. ಹಾಲಿನ ಸೊಸೈಟಿ, ಯುವಕ ಸಂಘ, ಗಣಪತಿ ಸಮಿತಿ, ಜಾತ್ರಾ ಸಮಿತಿ, ಮಸೀದಿಯ ಜಮಾಅತ್, ಚರ್ಚಿನ ಸಮಿತಿ, ಜಾತಿವಾರು ವಿದ್ಯಾಸಂಸ್ಥೆ, ಕನ್ನಡ ಸಂಘ, ರೈತ ಸಂಘ, ಎಲ್ಲ ಕಡೆಯೂ ಇದೇ ನೋಟ. ಹದಿನೈದು ಇಪ್ಪತ್ತು ವರ್ಷಗಳಿಂದ ಒಬ್ಬರೇ ಅಧ್ಯಕ್ಷರು. ಅವರು ತೀರಿಕೊಂಡರೆ ಮಗ, ಮಗ ಬೆಂಗಳೂರಿನಲ್ಲಿದ್ದರೆ ಅಳಿಯ. ನಡವಳಿ ಪುಸ್ತಕ ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿ, ಬೈಲಾ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಇಂಥ ನೂರಾರು ಸಂಸ್ಥೆಗಳನ್ನು ಇಟ್ಟುಕೊಂಡು ನಾವು ಶಾಸಕರು ಸರಿಯಿಲ್ಲ, ಸರ್ಕಾರ ಸರಿಯಿಲ್ಲ, ದೇಶದಲ್ಲಿ ಪ್ರಜಾಪ್ರಭುತ್ವ ಉಳಿದಿಲ್ಲ ಎಂದು ಚಹಾದಂಗಡಿಯಲ್ಲಿ ಮರುಗುತ್ತೇವೆ. ಊರಿನ ಸಂಘದಲ್ಲಿ ಐದು ಸಾವಿರದ ಲೆಕ್ಕ ಕೇಳಲು ನಾಲಗೆ ಏಳದವನು ವಿಧಾನಸೌಧದ ಲಕ್ಷ ಕೋಟಿಯ ಲೆಕ್ಕವನ್ನು ಹೇಗೆ ಕೇಳುತ್ತಾನೆ? ಪ್ರಜಾಪ್ರಭುತ್ವವನ್ನು ಜನ ಮತಗಟ್ಟೆಯಲ್ಲಿ ಕಲಿಯುವುದಿಲ್ಲ, ಅಲ್ಲಿ ಅವರು ಪರೀಕ್ಷೆ ಬರೆಯುತ್ತಾರಷ್ಟೆ. ಪಾಠ ನಡೆಯುವುದು ಸಂಘಗಳಲ್ಲಿ. ನಮ್ಮ ಶಾಲೆಗಳೇ ಮುಚ್ಚಿರುವಾಗ ಪರೀಕ್ಷೆಯಲ್ಲಿ ನಪಾಸಾದರೆ ಯಾರನ್ನು ಬೈಯೋಣ?

ನಾಲ್ಕು ಸಮರ್ಥನೆಗಳು

ಹೀಗೆಂದಾಗ ನಾಲ್ಕು ಬಗೆಯ ಉತ್ತರಗಳು ಬರುತ್ತವೆ. ನಾಲ್ಕೂ ಕೇಳಲು ಸಜ್ಜನಿಕೆಯ ಮಾತುಗಳೇ. ಅದಕ್ಕೇ ಅವು ಹೆಚ್ಚು ಅಪಾಯಕಾರಿ.

ಮೊದಲನೆಯದು, "ನಮ್ಮಲ್ಲಿ ಎಲ್ಲ ಅವಿರೋಧ ಆಯ್ಕೆ, ಜಗಳವೇ ಇಲ್ಲ" ಎಂಬ ಹೆಮ್ಮೆ. ಪತ್ರಿಕೆಗಳಲ್ಲಿ 'ಅವಿರೋಧ ಆಯ್ಕೆ' ಎಂಬ ತಲೆಬರಹದ ಸುದ್ದಿಯನ್ನು ಅಭಿನಂದನೆಯಂತೆ ಅಚ್ಚು ಹಾಕುತ್ತಾರೆ. ಎಲ್ಲರೂ ಕೂತು ಮಾತಾಡಿ ಒಮ್ಮತಕ್ಕೆ ಬಂದರೆ ಅದಕ್ಕಿಂತ ಒಳ್ಳೆಯದು ಯಾವುದಿದೆ? ಆದರೆ ಒಮ್ಮತ ಬೇರೆ, ಮೌನ ಬೇರೆ. ಎದುರು ನಿಂತರೆ ನಾಳೆ ಸಾಲ ಸಿಗಲಿಕ್ಕಿಲ್ಲ, ತೂಬು ತೆರೆಯಲಿಕ್ಕಿಲ್ಲ, ಮಗಳ ಮದುವೆಗೆ ಊರಿನವರು ಬರಲಿಕ್ಕಿಲ್ಲ ಎಂಬ ಭಯದಿಂದ ಹುಟ್ಟಿದ ಅವಿರೋಧ ಒಮ್ಮತವಲ್ಲ, ಅದು ಶರಣಾಗತಿ. ಈ ಹೆಮ್ಮೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2020ರ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಕಂಡೆವು. ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿ, ಹೆಚ್ಚು ಕೂಗಿದವರನ್ನು ಅವಿರೋಧವೆಂದು ಕಳುಹಿಸಿದ ಸುದ್ದಿಗಳು ಬಂದವು. ಹಣ ದೇವಸ್ಥಾನಕ್ಕೆ ಕೊಟ್ಟೆವು, ಊರಿನ ಅಭಿವೃದ್ಧಿಗೆ ಕೊಟ್ಟೆವು ಎಂಬ ಸಮಜಾಯಿಷಿ ಬೇರೆ. ಮತವನ್ನು ಮಾರಿ ಪುಣ್ಯ ಕೊಂಡುಕೊಂಡ ಊರುಗಳಿವು.

ಎರಡನೆಯದು, "ಅವರು ದೊಡ್ಡ ಮನುಷ್ಯರು, ಅವರ ಬಳಿ ಲೆಕ್ಕ ಕೇಳುವುದು ಅವಮಾನ" ಎಂಬ ಮಾತು. ನಮ್ಮಲ್ಲಿ ಲೆಕ್ಕ ಕೇಳುವುದೆಂದರೆ ಕಳ್ಳ ಎಂದು ಕರೆದಂತೆ. ಇದು ಸಂಪೂರ್ಣ ತಲೆಕೆಳಗಾದ ತಿಳಿವಳಿಕೆ. ಲೆಕ್ಕ ಇರುವುದೇ ಒಳ್ಳೆಯ ಮನುಷ್ಯನ ರಕ್ಷಣೆಗಾಗಿ. ಕಳ್ಳನಿಗೆ ಲೆಕ್ಕಪುಸ್ತಕದಿಂದ ಆಗಬೇಕಾದ್ದು ಏನೂ ಇಲ್ಲ, ಅದಿಲ್ಲದಿದ್ದರೇ ಅವನಿಗೆ ಅನುಕೂಲ. ಪ್ರಾಮಾಣಿಕನಿಗೆ ಮಾತ್ರ, ತಾನು ಸತ್ತ ಮೇಲೂ ತನ್ನ ಪರವಾಗಿ ಸಾಕ್ಷಿ ಹೇಳುವ ಒಂದು ಪುಸ್ತಕ ಬೇಕು. ಖಲೀಫ ಉಮರ್(ರ) ಅವರ ಕತೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಎಲ್ಲರಿಗೂ ಸಮನಾಗಿ ಬಟ್ಟೆ ಹಂಚಿದ ಮೇಲೆ ಉಮರರ ಮೈಮೇಲೆ ಉದ್ದನೆಯ ನಿಲುವಂಗಿ ಕಂಡು, ಸಾಮಾನ್ಯನೊಬ್ಬ ಸಭೆಯಲ್ಲೇ ಎದ್ದು ನಿಂತು ಪ್ರಶ್ನಿಸಿದ. ಖಲೀಫರು ಸಿಟ್ಟಾಗಲಿಲ್ಲ. ಮಗ ಎದ್ದು, ನನ್ನ ಪಾಲನ್ನು ತಂದೆಗೆ ಕೊಟ್ಟೆ ಎಂದು ವಿವರಿಸಿದ ಮೇಲಷ್ಟೇ ಮಾತು ಮುಂದುವರಿಯಿತು. ಈ ಕತೆಯನ್ನು ನಾವು ಭಾಷಣಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆದರೆ ಅದೇ ಭಾಷಣ ಮುಗಿದ ಮೇಲೆ ಎದ್ದು ನಿಂತು, ಮಸೀದಿಯ ಅಂಗಡಿಗಳ ಬಾಡಿಗೆ ಎಷ್ಟು ಬಂತು ಎಂದು ಕೇಳಿ ನೋಡಿ. ಖಲೀಫರಿಗಿದ್ದ ತಾಳ್ಮೆ ನಮ್ಮ ಅಧ್ಯಕ್ಷರಿಗೆ ಇರುತ್ತದೆಯೇ?

ಮೂರನೆಯದು, "ಒಳಗಿನ ವಿಚಾರ ಹೊರಗಿನವರಿಗೆ ತಿಳಿಯಬಾರದು, ಕಾಲ ಸರಿಯಿಲ್ಲ" ಎಂಬ ಎಚ್ಚರಿಕೆ. ಅಲ್ಪಸಂಖ್ಯಾತರ ಸಂಸ್ಥೆಗಳಲ್ಲಿ ಇದು ಹೆಚ್ಚು ಕೇಳುತ್ತದೆ. ಕಾಲ ಸರಿಯಿಲ್ಲ ಎಂಬುದನ್ನು ಒಪ್ಪುತ್ತೇನೆ. 2025ರಲ್ಲಿ ವಕ್ಫ್ ಕಾಯ್ದೆಗೆ ತಿದ್ದುಪಡಿ ಬಂದಾಗ ದೇಶಾದ್ಯಂತ ಪ್ರತಿಭಟನೆ ನಡೆಯಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಪ್ರತಿಭಟನೆಯ ಕಾರಣಗಳು ಸಣ್ಣವಲ್ಲ. ಆದರೆ ಒಂದು ಕಹಿ ಮಾತನ್ನು ಹೇಳಲೇಬೇಕು. ಪ್ರತಿ ವರ್ಷ ಲೆಕ್ಕ ಸಲ್ಲಿಸಬೇಕೆಂದು 1995ರ ವಕ್ಫ್ ಕಾಯ್ದೆಯೇ ಮುತವಲ್ಲಿಗಳಿಗೆ ಹೇಳಿತ್ತು. ಆ ಮಾತನ್ನು ನಾವು ನಮ್ಮದೇ ಕೆಲಸವೆಂದು ಮಾಡಿದ್ದರೆ, 'ಇವರಲ್ಲಿ ಲೆಕ್ಕವಿಲ್ಲ' ಎಂದು ಹೊರಗಿನವರು ಹೇಳುವಾಗ ನಮ್ಮ ಕೈಯಲ್ಲಿ ಭಾಷಣದ ಬದಲು ದಾಖಲೆ ಇರುತ್ತಿತ್ತು. ಮುಚ್ಚಿಟ್ಟದ್ದು ಶತ್ರುವಿನಿಂದ ಕಾಪಾಡುವುದಿಲ್ಲ, ಶತ್ರುವಿಗೆ ನೆಪ ಒದಗಿಸುತ್ತದೆ. ಇದು ಮುಸ್ಲಿಮರಿಗೆ ಮಾತ್ರ ಹೇಳುವ ಮಾತೂ ಅಲ್ಲ. ಮುಜರಾಯಿ ಇಲಾಖೆ ನಮ್ಮ ದೇವಸ್ಥಾನದಲ್ಲಿ ಕೈ ಹಾಕುವುದು ಬೇಡ ಎನ್ನುವ ಸಮಿತಿಗಳಿಗೂ, ಸರ್ಕಾರದ ಅನುದಾನ ಪಡೆದು ಪ್ರವೇಶಕ್ಕೆ ವಂತಿಗೆ ಕೇಳುವ ಎಲ್ಲ ಜಾತಿಯ ವಿದ್ಯಾಸಂಸ್ಥೆಗಳಿಗೂ ಇದು ಸಲ್ಲುತ್ತದೆ. ಸ್ವಾಯತ್ತತೆ ಬೇಕೆಂದವರು ಮೊದಲು ಗೋಡೆಯ ಮೇಲೆ ಲೆಕ್ಕ ಅಂಟಿಸಲಿ.

ನಾಲ್ಕನೆಯದು, "ಜನರೇ ಬರುವುದಿಲ್ಲ, ನಾವೇನು ಮಾಡೋಣ?" ಇದರಲ್ಲಿ ಸತ್ಯವಿದೆ. ಕರೆದರೂ ಬಾರದ ಸದಸ್ಯರಿದ್ದಾರೆ, ಬಂದರೂ ತಟ್ಟೆಗಾಗಿ ಬರುವವರಿದ್ದಾರೆ. ಅಧ್ಯಕ್ಷರನ್ನು ಬೈದು ಸದಸ್ಯರನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಏಕೆ ಬರುವುದಿಲ್ಲ ಎಂದು ಎಂದಾದರೂ ಕೇಳಿದ್ದೇವೆಯೇ? ತಾನು ಹೋದರೂ ಹೋಗದಿದ್ದರೂ ತೀರ್ಮಾನ ಅದೇ ಎಂದು ಗೊತ್ತಿರುವ ಮನುಷ್ಯ ಒಂದು ದಿನದ ಕೂಲಿ ಬಿಟ್ಟು ಏಕೆ ಬರಬೇಕು? 2010ರ ದಶಕದಲ್ಲಿ ಸಹಕಾರ ಕಾಯ್ದೆಗೆ ಆದ ತಿದ್ದುಪಡಿಗಳು ಈ ಸೋಮಾರಿತನಕ್ಕೆ ಮದ್ದು ಹುಡುಕಿದವು. ವಾರ್ಷಿಕ ಸಭೆಗಳಿಗೆ ಬಾರದವರಿಗೆ ಮತದಾನದ ಹಕ್ಕಿಲ್ಲ ಎಂದವು. ಪರಿಣಾಮವೇನಾಯಿತು? ಚುನಾವಣೆ ಬಂದಾಗಲೆಲ್ಲ 'ಅನರ್ಹ ಮತದಾರರ ಪಟ್ಟಿ' ಹೊರಬಿತ್ತು. ಜನ ಹೈಕೋರ್ಟಿನ ಮೆಟ್ಟಿಲು ಹತ್ತಿ ಮತ ಹಾಕುವ ಅವಕಾಶ ಪಡೆಯಬೇಕಾಯಿತು. ಏಕೆಂದರೆ ಸಭೆಯ ನೋಟಿಸು ಕಳುಹಿಸುವುದು ಯಾರು? ಕಾರ್ಯದರ್ಶಿ. ಹಾಜರಿ ಪುಸ್ತಕ ಇರುವುದು ಯಾರ ಬಳಿ? ಅವರ ಬಳಿಯೇ. ನೋಟಿಸು ಮುಟ್ಟದವನು ಸಭೆಗೆ ಬರಲಿಲ್ಲ, ಸಭೆಗೆ ಬಾರದವನಿಗೆ ಮತವಿಲ್ಲ, ಮತವಿಲ್ಲದವನು ಅಧ್ಯಕ್ಷರನ್ನು ಬದಲಿಸಲಾರ. ರೋಗಕ್ಕೆ ಕೊಟ್ಟ ಮದ್ದು ರೋಗದ ಕೈಗೇ ಸಿಕ್ಕಿತು.

ಕಲ್ಲಿನ ಮೇಲಿನ ಲೆಕ್ಕ

ಇವೆಲ್ಲ ಪಟ್ಟಣದಿಂದ ಬಂದ ಹೊಸ ಮಾತುಗಳು, ನಮ್ಮ ಮಣ್ಣಿಗೆ ಒಗ್ಗುವುದಿಲ್ಲ ಎನ್ನುವವರೂ ಇದ್ದಾರೆ. ಅವರು ಶಿಕಾರಿಪುರ ತಾಲೂಕಿನ ಬಳ್ಳಿಗಾವೆಗೆ ಒಮ್ಮೆ ಹೋಗಿ ಬರಲಿ. ಅಲ್ಲಿನ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದಿದೆ. ಆ ಸಂಸ್ಥೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಅದು ಒಂದೊಂದಾಗಿ ಹೇಳುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವುದನ್ನು ಹೇಳುತ್ತದೆ. ಬಡವರಿಗೂ ಕುರುಡರಿಗೂ ಕುಂಟರಿಗೂ ಅನ್ನ ಸಿಗುವುದನ್ನು, ಹಾಡುವವರು ಬಾರಿಸುವವರಿಂದ ಹಿಡಿದು ಜೈನ ಸನ್ಯಾಸಿಗಳು, ಬೇರೆ ಬೇರೆ ಪಂಥದ ಭಿಕ್ಷುಗಳವರೆಗೆ ಎಲ್ಲರಿಗೂ ಊಟ ಇರುವುದನ್ನು ಹೇಳುತ್ತದೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವುದನ್ನೂ ಬಿಡುವುದಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಸೇವಾಸಂಸ್ಥೆಯೊಂದರ ಉದ್ದೇಶಗಳ ಪಟ್ಟಿ. ಅದನ್ನು ಯಾರ ಮನೆಯ ಬೀರುವಿನಲ್ಲೂ ಇಡಲಿಲ್ಲ. ಕಲ್ಲಿನಲ್ಲಿ ಕೆತ್ತಿ ನಾಲ್ಕು ಜನ ಓಡಾಡುವ ಜಾಗದಲ್ಲಿ ನಿಲ್ಲಿಸಿದರು. ನಮ್ಮ ದಾನಶಾಸನಗಳ ರೂಢಿಯೇ ಇದು. ಯಾವ ಭೂಮಿ, ಅದರ ಎಲ್ಲೆ ಯಾವುದು, ಯಾವ ಕೆಲಸಕ್ಕೆ ಕೊಟ್ಟದ್ದು ಎಂದು ಬರೆದು, ಕೊನೆಗೆ ಇದನ್ನು ಕಬಳಿಸಿದವನಿಗೆ ಶಾಪ. ಕೆರೆ ಕಟ್ಟಿಸಿದವರಿಗೂ ಕೆರೆಯ ದುರಸ್ತಿಗೂ ಬಿಟ್ಟ ಭೂಮಿಗೆ ಕಟ್ಟುಗೊಡಗೆ ಎಂಬ ಹೆಸರೇ ಇತ್ತು.

ಅಂದಿನ ಕಾಲ ಸುವರ್ಣಯುಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆ ಕಲ್ಲನ್ನು ಓದಬಲ್ಲವರು ಕೆಲವೇ ಮಂದಿ. ದಾನ ಕೊಟ್ಟವರು ಅರಸರು, ಪಡೆದವರು ಮೇಲಿನವರು, ಕೆರೆ ತೋಡಿದವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಆದರೂ ಒಂದು ತತ್ವ ಅವರಿಗೆ ತಿಳಿದಿತ್ತು. ಸಾರ್ವಜನಿಕ ಸ್ವತ್ತಿನ ವಿವರ ಸಾರ್ವಜನಿಕರ ಕಣ್ಣೆದುರು ಇರಬೇಕು. ಎಂಟುನೂರ ಅರವತ್ತು ವರ್ಷ ಕಳೆದರೂ ಕೋಡಿಯ ಮಠದ ಉದ್ದೇಶ ಏನೆಂದು ನಾವು ಹೇಳಬಲ್ಲೆವು. ನಮ್ಮೂರ ಸಂಘದ ಕಳೆದ ವರ್ಷದ ಠರಾವು ಏನೆಂದು ಹೇಳಬಲ್ಲೆವೇ?

ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಪಕ್ಕದ ಸಾಗರ ತಾಲೂಕಿನ ಕಾಗೋಡು ಇದೆ. 1951ರ ಕಾಗೋಡು ಸತ್ಯಾಗ್ರಹವನ್ನು ನಾವು ಭೂಮಿಯ ಹೋರಾಟವೆಂದು ನೆನೆಯುತ್ತೇವೆ. ಆದರೆ ಅದರ ಕಿಡಿ ಹೊತ್ತಿದ್ದು ಅಳತೆಯಿಂದ. ಗೇಣಿ ಭತ್ತ ಅಳೆಯುವ ಕೊಳಗ ನ್ಯಾಯವಾದ ಗಾತ್ರದ್ದಾಗಿರಲಿ ಎಂದು ಗೇಣಿದಾರರು ಕೇಳಿದರು. ಒಡೆಯರು ಅದನ್ನು ಧಿಮಾಕು ಎಂದುಕೊಂಡರು. ಎಚ್. ಗಣಪತಿಯಪ್ಪನವರಂಥವರು ರೈತರನ್ನು ಸಂಘ ಕಟ್ಟಿ ನಿಲ್ಲಿಸಿದ್ದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೂಡಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗದ ಲೆಕ್ಕ ಕೇಳುವುದರಿಂದ ಶುರುವಾದ ದಾರಿ, ಎರಡು ದಶಕಗಳ ನಂತರ ದೇವರಾಜ ಅರಸರ ಕಾಲದ ಭೂಸುಧಾರಣೆಯ ಕಡೆಗೆ ನಡೆದವರ ದಾರಿಗಳಲ್ಲಿ ಒಂದಾಯಿತು. ಅಂದು ಒಡೆಯರಿಗೆ 'ಬೇಜಾರಾಗುತ್ತದೆ' ಎಂದು ಆ ಬಡವರು ಸುಮ್ಮನಿದ್ದಿದ್ದರೆ? ಅವರ ಮೊಮ್ಮಕ್ಕಳು ಇಂದು ಸಂಘಗಳ ಪದಾಧಿಕಾರಿಗಳು. ಅವರ ಕೊಳಗ ಸರಿಯಿದೆಯೇ ಎಂದು ಕೇಳುವುದು ಕಾಗೋಡಿಗೆ ಮಾಡುವ ಅವಮಾನವಲ್ಲ, ಸಲ್ಲಿಸುವ ಗೌರವ.

ಸಹಕಾರಕ್ಕಂತೂ ನಮ್ಮ ನಾಡು ತವರು. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ. ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಒಂದು ಸಣ್ಣ ಹಳ್ಳಿಯ ಸಂಘವೂ ಲೋಕದ ಕಣ್ಣಿಗೆ ಬೀಳಬಲ್ಲದು ಎಂದು ತೋರಿಸಿತು. ಇಂಥ ನೆಲದಲ್ಲಿ ಸಂಘ ನಡೆಸುವುದು ನಮಗೆ ಬಾರದು ಎಂದರೆ ನಂಬುವವರು ಯಾರು?

ಹೋರಾಟದ ಸಂಘಟನೆಗಳೂ ಈ ಪರೀಕ್ಷೆಯಿಂದ ಹೊರತಲ್ಲ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘಕ್ಕೆ ಶಿವಮೊಗ್ಗ ಜಿಲ್ಲೆ ತೊಟ್ಟಿಲಾಗಿತ್ತು. ಅಧಿಕಾರಿಗಳ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ರೈತನಿಗೆ ಕುರ್ಚಿ ಎಳೆದು ಕೂರುವ ಧೈರ್ಯ ಕೊಟ್ಟದ್ದು ಆ ಹಸಿರು ಶಾಲು. ಅದರ ಋಣ ದೊಡ್ಡದು. ಆದರೆ ಸರ್ಕಾರವನ್ನು ಪ್ರಶ್ನಿಸಲು ಕಲಿಸಿದ ಚಳವಳಿ ತನ್ನೊಳಗಿನ ನಾಯಕತ್ವವನ್ನು ಪ್ರಶ್ನಿಸುವ, ಬದಲಿಸುವ ದಾರಿಯನ್ನು ಅಷ್ಟೇ ಗಟ್ಟಿಯಾಗಿ ಕಟ್ಟಿಕೊಳ್ಳಲಿಲ್ಲ. ಭಿನ್ನಾಭಿಪ್ರಾಯ ಬಂದಾಗಲೆಲ್ಲ ಚುನಾವಣೆಯ ಬದಲು ಹೊಸ ಬಣ ಹುಟ್ಟಿತು. ಒಳಗೆ ಸೋಲಲು ಜಾಗವಿಲ್ಲದ ಸಂಘಟನೆ ಹೊರಗೆ ಒಡೆಯುತ್ತದೆ.

ಕಾನೂನು ಇದೆ, ಕೈ ಇಲ್ಲ

ಕಾನೂನೇ ಇಲ್ಲ ಎನ್ನುವ ಹಾಗೂ ಇಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಆದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೂರನೇ ಒಂದು ಭಾಗ ಸದಸ್ಯರು ಒಟ್ಟಾಗಿ ಕೇಳಿದರೆ ವಿಚಾರಣೆಗೂ ಅವಕಾಶವಿದೆ. ಸಹಕಾರ ಸಂಘ ಕಟ್ಟುವುದನ್ನು 97ನೇ ತಿದ್ದುಪಡಿ ಸಂವಿಧಾನದ ಮೂಲಭೂತ ಹಕ್ಕುಗಳ ಸಾಲಿಗೇ ಸೇರಿಸಿತು. ಆ ತಿದ್ದುಪಡಿಯ ಜೊತೆಗೆ ಬಂದ ಆಡಳಿತದ ನಿಯಮಗಳು ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸುವುದಿಲ್ಲವೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯಗಳ ಅಧಿಕಾರದ ಪ್ರಶ್ನೆ ಅದು. ಸಂಘ ಕಟ್ಟುವ ಹಕ್ಕಿಗೆ ಅದರಿಂದ ಧಕ್ಕೆಯಾಗಲಿಲ್ಲ.

ಮಾಹಿತಿ ಹಕ್ಕಿನ ವಿಷಯದಲ್ಲಿ ಮಾತ್ರ ಓದುಗರು ಒಂದನ್ನು ತಿಳಿದಿರಬೇಕು. ಸರ್ಕಾರದ ಗಣನೀಯ ಹಣಕಾಸಿನ ನೆರವಿಲ್ಲದ ಸಹಕಾರ ಸಂಘಗಳು 2005ರ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೇರಳದ ತಲಪ್ಪಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಾಗೆಯೇ, ಸರ್ಕಾರದಿಂದ ಗಣನೀಯ ನೆರವು ಪಡೆಯುವ ಸ್ವಯಂಸೇವಾ ಸಂಸ್ಥೆಗಳು ಮಾಹಿತಿ ಕೊಡಲೇಬೇಕು ಎಂದು 2019ರಲ್ಲಿ ಹೇಳಿತು. ಅಂದರೆ ಅನುದಾನ ಪಡೆಯುವ ಸಂಸ್ಥೆಯನ್ನು ಯಾವ ನಾಗರಿಕನೂ ಪ್ರಶ್ನಿಸಬಹುದು. ಉಳಿದ ಕಡೆ ಕೇಳಬೇಕಾದವರು ಸದಸ್ಯರೇ. ಹೊರಗಿನ ಅರ್ಜಿಗೆ ಬಾಗಿಲು ಮುಚ್ಚಿದಲ್ಲಿ ಒಳಗಿನವರ ಬಾಯಿಯೇ ಕೊನೆಯ ಕಾಯ್ದೆ.

ಆ ಬಾಯಿ ತೆರೆಯುವುದು ಅಸಾಧ್ಯವಲ್ಲ ಎಂಬುದಕ್ಕೆ ನಮ್ಮ ಹೆಣ್ಣುಮಕ್ಕಳೇ ಸಾಕ್ಷಿ. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ಬೆಳೆಸಿದ ಸ್ವಸಹಾಯ ಗುಂಪುಗಳನ್ನು 1992ರಲ್ಲಿ ನಬಾರ್ಡ್ ಬ್ಯಾಂಕುಗಳಿಗೆ ಜೋಡಿಸಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಅವನ್ನು ಹಳ್ಳಿಹಳ್ಳಿಗೆ ಒಯ್ದಿತು. ಅಲ್ಲಿ ವಾರಕ್ಕೊಮ್ಮೆ ಸಭೆ, ಎಲ್ಲರೆದುರು ಹಣ ಎಣಿಕೆ, ಎಲ್ಲರೆದುರು ಪುಸ್ತಕ ಬರವಣಿಗೆ, ಪ್ರತಿನಿಧಿಗಳು ಸರದಿಯಂತೆ ಬದಲು. ಹೆಬ್ಬೆಟ್ಟೊತ್ತುವ ಹೆಂಗಸೂ ತನ್ನ ಗುಂಪಿನಲ್ಲಿ ಎಷ್ಟು ಉಳಿತಾಯವಿದೆ, ಯಾರ ಸಾಲ ಬಾಕಿಯಿದೆ ಎಂದು ಥಟ್ಟನೆ ಹೇಳುತ್ತಿದ್ದಳು. ಪದವಿ ಪಡೆದ ಗಂಡಸರ ಸಂಘಗಳಲ್ಲಿ ಇದು ಎಲ್ಲಿದೆ? ಗ್ರಾಮಸಭೆಯಲ್ಲಿ ಮೊದಲ ಬಾರಿಗೆ ಎದ್ದು ನಿಂತ ಎಷ್ಟೋ ಹೆಂಗಸರು ಈ ಗುಂಪುಗಳಲ್ಲಿ ಮಾತು ಕಲಿತವರು. ದುಃಖದ ಸಂಗತಿಯೆಂದರೆ ಈಗ ಅನೇಕ ಊರುಗಳಲ್ಲಿ 'ಸಂಘ' ಎಂದರೆ ವಾರದ ಕಂತು ವಸೂಲಿಗೆ ಬರುವ ಕಿರುಸಾಲದ ಕಂಪನಿ. ಆ ಕಿರುಕುಳ ಮಿತಿಮೀರಿ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಒಂದು ಒಳ್ಳೆಯ ಪದವನ್ನು ನಾವು ಕಾಯದಿದ್ದರೆ ಬೇರೆಯವರು ಅದನ್ನು ಕೊಂಡೊಯ್ಯುತ್ತಾರೆ.

ಏನು ಮಾಡಬೇಕು?

ದೊಡ್ಡ ಕ್ರಾಂತಿಯೇನೂ ಬೇಡ. ಐದು ಸಣ್ಣ ಕೆಲಸ ಸಾಕು. ಒಂದು, ಎರಡು ಅವಧಿ ಮುಗಿಸಿದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಕಡ್ಡಾಯವಾಗಿ ಕೆಳಗಿಳಿಯಲಿ. ಎಷ್ಟೇ ಒಳ್ಳೆಯವರಾದರೂ ಸರಿ, ಒಳ್ಳೆಯವರಾದರೆ ಹೊಸಬರಿಗೆ ಕಲಿಸಲಿ. ಎರಡು, ವರ್ಷದ ಜಮಾ-ಖರ್ಚು ದೊಡ್ಡ ಅಕ್ಷರದಲ್ಲಿ ಸಂಘದ ಗೋಡೆಯ ಮೇಲೆ, ಮಸೀದಿಯ ಬಾಗಿಲಲ್ಲಿ, ದೇವಸ್ಥಾನದ ಕಂಬದ ಮೇಲೆ ಅಂಟಲಿ. ನೀರಿನ ಸಂಘವಾದರೆ ತೂಬುಗಳ ಸರದಿ ಪಟ್ಟಿಯೂ ಅದರ ಪಕ್ಕದಲ್ಲಿರಲಿ. ಮೂರು, ಸಭೆಯಲ್ಲಿ ಪ್ರಶ್ನೋತ್ತರ ಮೊದಲು, ಹಾರ ಆಮೇಲೆ, ಮಂಡಕ್ಕಿ ಕೊನೆಗೆ. ನಾಲ್ಕು, ಗೌಪ್ಯ ಮತದಾನ ನಡೆಯಲಿ. ಅವಿರೋಧವೇ ಆಗುವುದಿದ್ದರೂ ಒಬ್ಬರೇ ನಿಂತಾಗ 'ಬೇಡ' ಎನ್ನಲೂ ಒಂದು ಚೀಟಿ ಇರಲಿ. ಐದು, ಬಾಲದ ಗದ್ದೆಯವನಿಗೆ, ಹೆಂಗಸರಿಗೆ, ದಲಿತರಿಗೆ, ಊರಿನಲ್ಲಿ ಎರಡು ಮನೆ ಮಾತ್ರ ಇರುವ ಸಮುದಾಯಕ್ಕೆ ಆಡಳಿತ ಮಂಡಳಿಯಲ್ಲಿ ಜಾಗ ಸಿಗಲಿ. ಅದು ಕೃಪೆಯಿಂದ ಸಿಗುವಂತಿರಬಾರದು, ಬೈಲಾದಲ್ಲಿ ಬರೆದಿರಬೇಕು.

ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು ಠರಾವು ಮಂಡಿಸುವ ಒಬ್ಬರು, ಅನುಮೋದಿಸುವ ಇನ್ನೊಬ್ಬರು ಬೇಕು. ಮೊದಲ ವರ್ಷ ಗೇಲಿ ಮಾಡುತ್ತಾರೆ. ಎರಡನೆಯ ವರ್ಷ ಸಿಟ್ಟಾಗುತ್ತಾರೆ. ಮೂರನೆಯ ವರ್ಷ ಪುಸ್ತಕ ತರುತ್ತಾರೆ.

ಬಳ್ಳಿಗಾವೆಯವನೆಂದು ನಮ್ಮ ಸೀಮೆ ಹೆಮ್ಮೆಪಡುವ ಅಲ್ಲಮಪ್ರಭು, ಶರಣರ ಅನುಭವ ಮಂಟಪದಲ್ಲಿ ಕುಳಿತದ್ದು ಶೂನ್ಯ ಸಿಂಹಾಸನದ ಮೇಲೆ ಎನ್ನುತ್ತದೆ ಪರಂಪರೆ. ಹಿರಿಯನ ಪೀಠಕ್ಕೆ ಶೂನ್ಯ ಎಂದು ಹೆಸರಿಟ್ಟ ಜನ ನಾವು. ಅದೇ ಸೀಮೆಯಲ್ಲಿ ಇಂದು ಒಂದು ಪ್ಲಾಸ್ಟಿಕ್ ಕುರ್ಚಿಯಿಂದ ಏಳಲು ಇಪ್ಪತ್ತು ವರ್ಷ ಸಾಲುತ್ತಿಲ್ಲ.

ಏಳದವರನ್ನು ಏಳಿಸುವ ಕೆಲಸ ಕುಳಿತವರದ್ದೇ. ಈ ಸಲದ ಸಭೆಯ ನೋಟಿಸು ಬಂದಾಗ ಆ ಅಜ್ಜನನ್ನು ಕರೆದುಕೊಂಡು ಹೋಗುತ್ತೇನೆ. ಅವರು ಕೇಳಬೇಕಾದ್ದು ಒಂದೇ ಪ್ರಶ್ನೆ: ಕಳೆದ ವರ್ಷ ಕೊನೆಯ ತೂಬಿಗೆ ಎಷ್ಟು ದಿನ ನೀರು ಬಿಟ್ಟಿರಿ? ಅದಕ್ಕೆ ಉತ್ತರ ಪುಸ್ತಕದಲ್ಲಿದ್ದರೆ ಅದು ಸಂಘ. ಇಲ್ಲದಿದ್ದರೆ ಅದು ಬರೀ ಬೋರ್ಡು. ಯಾರಿಗಾದರೂ ಬೇಜಾರಾಗುತ್ತದೆಯೇ? ಆಗಲಿ. ಬಾಲದ ಗದ್ದೆಯವನಿಗೆ ಇಪ್ಪತ್ತು ವರ್ಷಗಳಿಂದ ಬೇಜಾರಾ­ಗುತ್ತಲೇ ಇದೆ, ಅದನ್ನು ಯಾರೂ ಕೇಳಿಲ್ಲ.